ಅಂಬಿಗರ ಕಾಕಾನ ಬಲೆ ಮತ್ತು ಆಮೆ ಕಾನೂನು

ಸರಕಾರದ ಕಾನೂನು ನಮ್ಮೂರಿಗೆ ಯಾವಾಗ ಬಂದರೂ ಹುಡುಕಬೇಕಾದವರನ್ನು ಬಿಟ್ಟು ಕೈಗೆ ಸಿಕ್ಕವರನ್ನು ಹಿಡಿಯುತ್ತದೆ. ಇಂಥವು ಆಗುತ್ತಲೇ ಇರುತ್ತವೆ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಕೊನೆಯ ಮಾತು. ಮಂಡಲ ಪಂಚಾಯ್ತಿ ಬಂದ ಹೊಸದು. ಉಗಾರ ಬುದ್ರುಕದ ಹತ್ತಿರ ಕೃಷ್ಣಾ ದಂಡೆಯ ಮೇಲಿರುವ ನಮ್ಮೂರಿನವರು ಹೆಂಗಸರ ಮೀಸಲು ಜಾಗಕ್ಕೆ ನನ್ನನ್ನು ಆರಿಸಿದರು. ಸುಮ್ಮನೆ ಕೂಡುವ ಹೆಣ್ಣುಮಗಳು, ತೋರಿಸಿದಲ್ಲಿ ಸಹಿ ಮಾಡುತ್ತಾಳೆ ಎಂದು ಅವರ ಅಂದಾಜು. ಪಾಪ, ಅವರಿಗೇನು ಗೊತ್ತು.

೧. ಟಿಕೆಟ್ ಇಲ್ಲದ ಸಾಕ್ಷಿ

ನಮ್ಮೂರಿನ ಅಂಬಿಗರ ಕಾಕಾ ಒಂದು ಮುಂಜಾನೆ ಬಲೆ ಎಳೆದಾಗ ಮೀನಿನ ಜೊತೆ ಆಮೆಯೂ ಬಂತು. ಬಿಡಿಸಿ ನೀರಿಗೆ ಬಿಡಬೇಕು ಅನ್ನುವಷ್ಟರಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಹಾಜರು.

"ಆಮಿ ಹಿಡಿಯೂದು ಅಪರಾಧ ಅಂತ ಗೊತ್ತಿಲ್ಲೇನು?"

"ನಾ ಹಿಡದಿಲ್ರಿ. ಅದಽ ಬಂದು ಸಿಕ್ಕೈತಿ. ಬಿಡಾಕತ್ತೀನಿ, ನೋಡ್ರಿ."

"ಬಿಟ್ಟರ ಸಾಕ್ಷಿ ನಾಶ! ಅದು ಇನ್ನೊಂದು ಅಪರಾಧ."

ಬಲೆ ಜಪ್ತಾಯಿತು. ಕಾಕಾನ ಮನೆಯಲ್ಲಿ ಇದ್ದದ್ದು ಅದೊಂದೇ ಬಲೆ. ಅದಿಲ್ಲದೆ ಒಲೆ ಹೊತ್ತುವುದಿಲ್ಲ. ಕೇಳಿ ನನಗೆ ಮೈ ಉರಿಯಿತು. ಗಾರ್ಡ್ ಮಾತ್ರ ಹೆಗಲ ಮೇಲೆ ಬಲೆ, ಕೈಯಲ್ಲಿ ಆಮೆಯ ಚೀಲ ಹಿಡಿದು ಅಥಣಿ ಬಸ್ಸು ಹತ್ತಿದ. ಚೀಲ ಅಲುಗಾಡಿದ್ದನ್ನು ಕಂಡಕ್ಟರ್ ನೋಡಿದ.

"ಏನೈತ್ರಿ ಒಳಗ?"

"ಆಮಿ. ಸರಕಾರಿ ಸಾಕ್ಷಿ."

"ಕೋಳಿಗೆ ಟಿಕೆಟ್ ಐತಿ, ಕುರಿಗೆ ಐತಿ. ಆಮಿಗೆ ಇಲ್ಲ. ಇಳೀರಿ."

"ಕೋಳಿ ಅಂತ ಟಿಕೆಟ್ ಹರೀರಿ, ಏನಾಗ್ತೈತಿ?"

"ಮುಂದ ಚೆಕ್ಕಿಂಗ್‌ನವ್ರು ಬಂದು ಕೇಳಿದ್ರ ರೆಕ್ಕಿ ನೀವು ತೋರಸ್ತೀರೇನು?"

ಬಸ್ಸು ಹೋಯಿತು. ಅಥಣಿಯವರೆಗೆ ಆಮೆ ಹೊತ್ತು ನಡೆಯುವವರು ಯಾರು? ಗಾರ್ಡ್ ಅದನ್ನು ಹೊಳೆಗೆ ಬಿಟ್ಟು, ಮುಂದಿನ ಬಸ್ಸಿಗೆ ಬಲೆಯೊಂದನ್ನೇ ಒಯ್ದ. ಸಾಕ್ಷಿ ನಾಶದ ಕೇಸನ್ನು ಅವನ ಮೇಲೆ ಯಾರೂ ಹಾಕಲಿಲ್ಲ.

೨. ಅಜೆಂಡಾದಲ್ಲಿ ಇಲ್ಲದ್ದು

ಮುಂದಿನ ಸಭೆಯಲ್ಲಿ ಎದ್ದು ನಿಂತೆ. "ಲಾರಿಯಾಗ ಚೀಲಗಟ್ಲೆ ಆಮಿ ತುಂಬಿ ಮಾರಾಕ ಒಯ್ಯೋರನ್ನ ಯಾರೂ ತಡವಂಗಿಲ್ಲ. ಬಲಿಗೆ ಬಿದ್ದದ್ದನ್ನ ಬಿಡಾವನ ಬಲಿ ಒಯ್ತಾರ. ಇದ್ಯಾವ ನ್ಯಾಯ?"

ಪಂಚಾಯ್ತಿಯ ಮುಖ್ಯಸ್ಥರಾದ ಪ್ರಧಾನರು ಕಬ್ಬಿನ ಜಮೀನುದಾರರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವರು. "ವೈನಿ, ಆಮಿ ವಿಷಯ ಅಜೆಂಡಾದಾಗ ಇಲ್ರಿ."

"ಮತ್ತೇನೈತಿ?"

"ಆಫೀಸಿಗೆ ಹೊಸ ಕುರ್ಚಿ."

"ಹಂಗಾರ ಅವು ಬಂದಮ್ಯಾಗಽ ಕೂಡತೀನಿ" ಅಂದೆ.

ಆಮೆ ಉಳಿಯಬೇಕು ಅನ್ನುವುದರಲ್ಲಿ ನನಗೆ ತಕರಾರಿರಲಿಲ್ಲ. ಅದನ್ನು ಉಳಿಸುವ ಭಾರವೆಲ್ಲ ಕಾಕಾನೊಬ್ಬನ ತಲೆಯ ಮೇಲೇ ಯಾಕೆ ಅನ್ನುವುದು ನನ್ನ ಸಿಟ್ಟು. ನನ್ನ ಠರಾವು ಇಷ್ಟೇ: ಮರಳಿನಲ್ಲಿ ತತ್ತಿ ಇಡುವ ದಿನಗಳಲ್ಲಿ ದಂಡೆ ಯಾರೂ ಕೆದಕಬಾರದು, ಲಾರಿಗಳನ್ನು ಮೊದಲು ಹಿಡಿಯಬೇಕು, ಬಲೆಗೆ ಬಿದ್ದದ್ದನ್ನು ಜೀವಂತ ಬಿಟ್ಟವನಿಗೆ ಕೇಸು ಬೇಡ, ಕಾಕಾನ ಬಲೆ ತಿರುಗಿ ಕೊಡಬೇಕು.

ಒಬ್ಬ ಸದಸ್ಯರು ಕೇಳಿದರು, "ಜೀವಂತ ಬಿಟ್ಟಾನ ಅಂತ ಸಾಕ್ಷಿ ಯಾರು ಹೇಳ್ಬೇಕ್ರಿ?"

"ಆಮಿನಽ ಹೇಳತೈತಿ. ಇಳದು ಕೇಳಿ ಬರ್ರಿ, ಹೊಳಿ ಇಲ್ಲೇ ಐತಿ."

ಠರಾವು ಪಾಸಾಯಿತು. ಎಲ್ಲರಿಗೂ ಮನವರಿಕೆಯಾಗಿತ್ತು ಅಂತಲ್ಲ. ಚಹಾ ಆರುತ್ತಿತ್ತು, ನಾನು ಕೂಡುವ ಲಕ್ಷಣ ಕಾಣಲಿಲ್ಲ.

೩. ಪ್ರಧಾನರ ಆಮೆ ಫಾರ್ಮ್

ಪ್ರಧಾನರ ತಲೆಯಲ್ಲಿ ಬೇರೆಯೇ ಯೋಜನೆಯಿತ್ತು. "ಕೋಳಿ ಫಾರ್ಮ್ ಇದ್ದಂಗ ಆಮಿ ಫಾರ್ಮ್ ಮಾಡೂಣ್ರಿ. ಸಾಕಿದ್ದನ್ನ ಮಾರಿದ್ರ ಹೊಳಿಯಾಗಿನವು ತಾವಾಗೇ ಉಳೀತಾವು."

"ಹೊಳಿಯಾಗಿಂದು ಹಿಡದು ತಂದು ಸಾಕಿದ್ದು ಅಂತ ಮಾರಿದ್ರ ಗುರುತು ಯಾರು ಹಿಡೀತಾರ?" ಅಂದೆ.

ಪ್ರಧಾನರು ನನ್ನನ್ನು ತಮ್ಮ ತೋಟಕ್ಕೆ ಕರೆದೊಯ್ದರು. ಕಬ್ಬಿನ ನಡುವಿನ ಹೊಂಡದಲ್ಲಿ ಗುಟ್ಟಾಗಿ ಎರಡು ಆಮೆ ಸಾಕಿದ್ದರು. ಮೂರು ವರ್ಷವಾದರೂ ಒಂದು ತತ್ತಿಯಿಲ್ಲ. ಕರೆಸಿದ ದನದ ಡಾಕ್ಟರು, "ಎಮ್ಮಿ ಇದ್ರ ತೋರಸ್ರಿ" ಎಂದು ಹೇಳಿ ಹೋಗಿದ್ದರಂತೆ. ಕಡೆಗೆ ಕಾಕಾನನ್ನೇ ಕರೆದೆವು. ಅವನು ಎರಡರ ಬಾಲವನ್ನೂ ನೋಡಿ ಕೈ ತೊಳೆದುಕೊಂಡ.

"ಎರಡೂ ಗಂಡಸರಽ ಅದಾವ್ರಿ ಪ್ರಧಾನ್ರ. ನಮ್ಮ ಹಳೇ ಪಂಚಾಯ್ತಿ ಇದ್ದಂಗ. ಎಷ್ಟು ವರ್ಷ ಕುಂತ್ರೂ ಏನೂ ಹುಟ್ಟಂಗಿಲ್ಲ."

೪. ಸಾಹೇಬರು ಬಾವಿ ನೋಡಿದ್ದು

ಠರಾವಿನ ವಿಚಾರಣೆಗೆ ಗಾರ್ಡನ ಮೇಲಿನ ಸಾಹೇಬರು ಅವನನ್ನೂ ಕರೆದುಕೊಂಡು ಜೀಪಿನಲ್ಲಿ ನಮ್ಮ ಮನೆಗೆ ಬಂದರು. ಕಾಕಾನೂ ಊರವರೂ ಬಂದು ನೆರೆದರು. ನಮ್ಮ ಹಿತ್ತಲ ಬಾವಿಯ ನೀರು ಕುಡಿದು, ಸಿಹಿಯಾಗಿದೆ ಎಂದು ಹೊಗಳಿ ಒಳಗೆ ಇಣುಕಿದರು. ನೀರು ಸ್ವಚ್ಛ ಇರಲಿ ಎಂದು ನಮ್ಮತ್ತೆ ಯಾವ ಕಾಲಕ್ಕೋ ಬಿಟ್ಟಿದ್ದ ಆಮೆ ತಲೆ ಎತ್ತಿ ಅವರನ್ನೇ ನೋಡುತ್ತಿತ್ತು.

"ಬಾಯಾರ, ಇದೂ ಅಪರಾಧ!"

"ಹಂಗಾರ ಬರಕೊಳ್ರಿ. ಈ ಓಣಿಯಾಗ ಆಮಿ ಇರೋ ಬಾವಿ ಎಷ್ಟು ಅದಾವೋ ಅಷ್ಟೂ ಮನಿಯವರನ್ನ ಕರೀತೀನಿ, ಎಲ್ಲಾರ ಹೆಸರೂ ಬರಕೊಳ್ರಿ. ಕಾಕಾನ ಒಬ್ಬನಽ ಯಾಕ?"

ಸಾಹೇಬರು ಜೀಪಿನ ಕಡೆ ನೋಡಿದರು. ಅದರಲ್ಲಿ ಅಷ್ಟು ಜನ ಹಿಡಿಯುತ್ತಿರಲಿಲ್ಲ. "ಕೇಸು ಬ್ಯಾಡ. ಆಮಿ ತಗದು ಹೊಳಿಗೆ ಬಿಟ್ರ ಸಾಕು" ಎಂದು ಗಾರ್ಡನನ್ನು ಬಾವಿಗೆ ಇಳಿಸಿದರು. ಗಾರ್ಡ್ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆ ನಿಂತರೆ ಆಮೆ ತಳಕ್ಕೆ. ಬುಟ್ಟಿ ಎತ್ತಿದರೆ ಮೇಲಕ್ಕೆ. ಮೂರನೆಯ ಸಲ ಗಾರ್ಡನೇ ಬಾವಿಗೆ ಬಿದ್ದ. ಅವನನ್ನು ಎಳೆದು ಹಾಕಿದ್ದು ಕಾಕಾ.

"ಇದನ್ನ ಹಿಡಿಯಾಕ ಬರೂದು ಯಾರಿಗೆ?" ಸಾಹೇಬರು ಕೇಳಿದರು. ಊರಿಗೆ ಊರೇ ಕಾಕಾನನ್ನು ತೋರಿಸಿತು.

"ಹಿಡೀತಿದ್ನಿರಿ. ಆದ್ರ ಬಲಿ ನಿಮ್ಮ ಕಚೇರಿಯಾಗ ಐತಿ" ಅಂದ ಕಾಕಾ.

ಜೀಪು ಅಥಣಿಗೆ ಹೋಗಿ ಬಲೆ ತಂದಿತು. ಕಾಕಾ ಅದನ್ನು ಬಿಚ್ಚಿ, ಇಲಿ ಕಡಿದ ಕಡೆ ಗಂಟು ಹಾಕಿ, ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಕೈ ಮುಗಿದ.

"ಸಾಹೇಬ್ರ, ಆಮಿ ಹಿಡಿ ಅಂತ ಒಂದು ಚೀಟಿ ಬರದು ಕೊಡ್ರಿ. ಮತ್ತ ನಾಳೆ ಹಿಡದಿ ಅಂತ ಕೇಸು ಆಗಬಾರದು."

ಸಾಹೇಬರು ಪೆನ್ನು ತೆಗೆದರು. ಕಾಗದ ನೋಡಿದರು, ಆಮೆ ನೋಡಿದರು, ನನ್ನನ್ನೂ ನೋಡಿದರು. ಪೆನ್ನಿಗೆ ಟೊಪ್ಪಿಗೆ ಹಾಕಿದರು.

"ಹಂಗ ಬರಿಯಾಕ ಬರಂಗಿಲ್ಲ."

"ಹಂಗಾರ ನನಗ ಹಿಡಿಯಾಕೂ ಬರಂಗಿಲ್ರಿ" ಎಂದು ಕಾಕಾ ಬಲೆ ಸಮೇತ ಹೊಳೆಯ ಕಡೆ ನಡೆದುಬಿಟ್ಟ. ನನಗೆ ಎಷ್ಟು ಖುಷಿಯಾಯಿತೆಂದರೆ ಸೆರಗು ಬಾಯಿಗೆ ಹಿಡಿಯಬೇಕಾಯಿತು.

ಅವನು ಓಣಿಯ ತಿರುವು ದಾಟಿದ ಮೇಲೆ ಸಾಹೇಬರಿಗೆ ಎಚ್ಚರವಾಯಿತು. "ಏ, ಜಪ್ತಿ ಬಲಿ ಅವನ ಕೈಯಾಗ ಯಾರು ಕೊಟ್ರು?"

ಗಾರ್ಡ್ ಅಂಗಿಯ ನೀರು ಹಿಂಡುತ್ತ ಹೇಳಿದ, "ನೀವಽರಿ ಸಾಹೇಬ್ರ. ಅದಕ್ಕೂ ಚೀಟಿ ಇಲ್ರಿ."