ನೋಯದ ಹಲ್ಲಿಗೆ ಗಚ್ಚು

ಬಾಯಿ ತೆಗೆಯಿರಿ ಎಂದು ಊರವರಿಗೆಲ್ಲ ಹೇಳುವುದು ನನ್ನ ನೌಕರಿಯಾಗಿತ್ತು. ಹಾಗೆ ಹೇಳಿಸಿಕೊಂಡು ಹಲ್ಲು ತೋರಿಸಿ ಸುಮ್ಮನೆ ಎದ್ದು ಹೋದವರು ಕಡಿಮೆ. ತೆಗೆದ ಬಾಯಿಂದ ಏನಾದರೊಂದು ಮಾತು ಬಿದ್ದೇ ಬೀಳುತ್ತಿತ್ತು, ನಾನು ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ನಗುತ್ತಿದ್ದೆ.

ಎಂಬತ್ತರ ದಶಕದಲ್ಲಿ ರಾಯಚೂರಿನ ಒಂದು ಸರ್ಕಾರಿ ದವಾಖಾನೆಯಲ್ಲಿ ಹಲ್ಲಿನ ಡಾಕ್ಟರಾಗಿದ್ದೆ. ಹೊಸದರಲ್ಲಿ ಜನ ನನ್ನ ಮುಖ ನೋಡುತ್ತಿರಲಿಲ್ಲ, ಮಣಿಕಟ್ಟು ನೋಡುತ್ತಿದ್ದರು. ಈ ಹೆಣ್ಣುಮಗಳ ಕೈಯಲ್ಲಿ ಹಲ್ಲು ಕೀಳುವ ತಾಕತ್ತು ಇದೆಯೋ ಇಲ್ಲವೋ ಎಂಬ ಅನುಮಾನ. ತಾಕತ್ತಿತ್ತು. ಬೇಸರ ಬಂದದ್ದೂ ಅದರಿಂದಲೇ. ಒಂದು ಸೋಮವಾರ ದೇವದುರ್ಗದ ಕಡೆಯ ಹತ್ತು ವರ್ಷದ ಹುಡುಗಿಯ ಎರಡು ದವಡೆ ಹಲ್ಲು ಕಿತ್ತೆ. ಹುಳುಕು ಬೇರಿನ ತನಕ ಇಳಿದಿತ್ತು. ಹಾಲುಹಲ್ಲು ತಾನೆ, ಮತ್ತೆ ಬರುತ್ತವೆ ಬಿಡಿ ಎಂದು ಅವಳ ತಂದೆ ನನಗೇ ಸಮಾಧಾನ ಹೇಳಿದ. ಇವು ಹಾಲುಹಲ್ಲಲ್ಲ, ಆರನೇ ವರ್ಷಕ್ಕೆ ಹುಟ್ಟಿ ಮುಪ್ಪಿನ ತನಕ ಇರಬೇಕಾದ ಹಲ್ಲು ಎಂದೆ. ಅವನು ತಟ್ಟೆಯಲ್ಲಿದ್ದ ಒಂದು ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಅದು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಅದೇ ವರ್ಷ ಮೇಲಿನ ಕಚೇರಿಯಿಂದ ಒಂದು ಡಬ್ಬಿ ಬಂತು. ಒಳಗೆ ಸೀಲೆಂಟ್ ಎಂಬ ಔಷಧದ ಪುಟ್ಟ ಬಾಟಲಿಗಳು. ದವಡೆ ಹಲ್ಲಿನ ಗೀರುಗಳಲ್ಲಿ ತಿಂದದ್ದು ಸಿಕ್ಕಿಕೊಂಡು ಹುಳುಕಾಗುತ್ತದಲ್ಲ, ಅದಕ್ಕಿಂತ ಮೊದಲೇ ಹಲ್ಲು ತೊಳೆದು, ಒಣಗಿಸಿ, ಇದನ್ನು ಹಚ್ಚಿಬಿಟ್ಟರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗಿ ಗೀರು ಮುಚ್ಚಿಹೋಗುತ್ತದೆ. ಸೂಜಿಯಿಲ್ಲ, ನೋವಿಲ್ಲ. ಹಚ್ಚುವಾಗ ಎಂಜಲು ಮಾತ್ರ ತಾಗಬಾರದು.

ನಮ್ಮ ಸಾಹೇಬರು, ಅಂದರೆ ನನ್ನ ಮೇಲಧಿಕಾರಿ, ನೋಯದ ಹಲ್ಲಿಗೆ ಔಷಧವೇ ಎಂದು ನಕ್ಕರು. ಆದರೂ ವಾರಕ್ಕೊಂದು ದಿನ ಜೀಪು ಕೊಟ್ಟರು. ವರ್ಷ ಕಳೆದ ಮೇಲೆ ಖುದ್ದು ನೋಡುತ್ತೇನೆ, ಅದು ಹಲ್ಲಿನ ಮೇಲೆ ಉಳಿದಿದ್ದರೆ ಇನ್ನಷ್ಟು ತರಿಸೋಣ, ಇಲ್ಲದಿದ್ದರೆ ನೀವು ಮತ್ತೆ ಇಕ್ಕಳ ಹಿಡಿಯಿರಿ ಎಂದರು. ಉಳಿಸಿಯೇ ತೀರುತ್ತೇನೆ ಎಂದುಕೊಂಡು, ನಮ್ಮ ದವಾಖಾನೆಯ ಸಿಸ್ಟರನ್ನು ಜೊತೆಗೆ ಹಾಕಿಕೊಂಡು ಹೊರಟೆ.

ಮಳೆಗಿಂತ ಮೊದಲು

ಮೊದಲ ಶಾಲೆ ರಾಯಚೂರಿನ ಬಜಾರಿನ ಹಿಂದೆ. ಮಕ್ಕಳು ಸಾಲಾಗಿ ಕೂತಿದ್ದರು, ಬಾಗಿಲಲ್ಲಿ ಅಪ್ಪಂದಿರು ಅಡ್ಡ ನಿಂತಿದ್ದರು. ಅವರ ಪರವಾಗಿ ಮಾತಾಡಿದವರು ಒಬ್ಬ ಬಟ್ಟೆ ಅಂಗಡಿಯ ಮಾಲೀಕರು.

"ಡಾಕ್ಟರಮ್ಮಾ, ನನ್ನ ಮಗಳ ಹಲ್ಲು ಚಲೋ ಅವ. ಚಲೋ ಇದ್ದದ್ದಕ್ಕ ಯಾಕ ಕೈ ಹಚ್ಚತೀರಿ?"

ನಿಮ್ಮ ಮನೆಯ ಛಾವಣಿ ಮಣ್ಣಿನ ಮಾಳಿಗೆಯದೋ ಎಂದು ಕೇಳಿದೆ. ಹೌದೆಂದರು. ಮಾಳಿಗೆಯ ಬಿರುಕಿಗೆ ಗಚ್ಚು ತುಂಬುವುದು ಮಳೆಗೆ ಮೊದಲೋ, ಸೋರಲು ಹತ್ತಿದ ಮೇಲೋ ಎಂದು ಕೇಳಿದೆ. ಅವರು ಮಗಳನ್ನು ತಾವೇ ಎತ್ತಿ ಕುರ್ಚಿಯ ಮೇಲೆ ಕೂರಿಸಿದರು. ಉಳಿದವರು ಅವರ ಹಿಂದೆ ಬಂದರು. ಆ ದಿನದಿಂದ ಬಜಾರಿನಲ್ಲಿ ನನ್ನ ಔಷಧಕ್ಕೆ ಗಚ್ಚು ಎಂದೇ ಹೆಸರಾಯಿತು.

ಮುಂದಿನ ವಾರ ಅದೇ ಅಂಗಡಿಯವರು ತಮ್ಮ ವಯಸ್ಸಾದ ತಂದೆಯ ಕೈಹಿಡಿದು ಕರೆತಂದರು. ಅಜ್ಜನವರು ಮಕ್ಕಳ ಸಾಲಿನಲ್ಲೇ ಕೂತು, ತಮ್ಮ ಸರದಿ ಬಂದಾಗ ಬಾಯಿ ತೆಗೆದರು. ಕೆಳಗಿನ ದವಡೆಯಲ್ಲಿ ಒಂದೇ ಒಂದು ಹಲ್ಲಿತ್ತು. ಇದು ಹೊಸದಾಗಿ ಹುಟ್ಟಿದ ಹಲ್ಲಿಗೆ ಹಚ್ಚುವುದು, ನಿಮಗಲ್ಲ ಎಂದು ಆದಷ್ಟು ಮೆಲ್ಲಗೆ ತಿಳಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ಬೇಟಿ, ಮಾಳಗಿ ಬಿದ್ದು ಹತ್ತು ವರ್ಷ ಆತು. ಒಂದು ಕಂಬ ನಿಂತದ. ಅದಕ್ಕಾರ ಒಂದೀಟು ಬಳಿ."

ಹೆಡ್‌ಮಾಸ್ತರರ ಅಪ್ಪಣೆ

ದೇವದುರ್ಗದ ಶಾಲೆಯ ಹೆಡ್‌ಮಾಸ್ತರರು ಶಿಸ್ತಿನ ಮನುಷ್ಯ. ಅವರು ಕೆಮ್ಮಿದರೆ ಪಕ್ಕದ ಓಣಿಯ ಮಕ್ಕಳೂ ಸುಮ್ಮನಾಗುತ್ತಿದ್ದರು. ನನಗೆ ಬೇಕಾದ್ದು ಒಣಗಿದ ಬಾಯಿ ಮಾತ್ರ. ಸಿಸ್ಟರು ದವಡೆಗೆ ಹತ್ತಿಯ ಉಂಡೆ ಇಟ್ಟು, ರಬ್ಬರಿನ ಚೆಂಡು ಒತ್ತಿ ಹಲ್ಲಿಗೆ ಗಾಳಿ ಹಾಕುತ್ತಿದ್ದರು. ಹತ್ತು ಮಕ್ಕಳ ತನಕ ಕೆಲಸ ಸಲೀಸಾಗಿ ನಡೆಯಿತು. ಹನ್ನೊಂದನೆಯವಳ ಬಾಯಲ್ಲಿ ಮಾತ್ರ ನೀರು ನಿಲ್ಲಲೊಲ್ಲದು. ಏನು ತಿಂದಿದ್ದೀ ಎಂದು ಕೇಳಿದರೆ, ಗೇಟಿನ ಹತ್ತಿರ ಕೂತ ಆಯಿ ಹುಣಸೆಹಣ್ಣಿಗೆ ಉಪ್ಪು ಖಾರ ಹಚ್ಚಿ ಮಾರುತ್ತಾಳೆ, ಅದರ ನೆನಪಾಯಿತು ಎಂದಳು.

ಹೆಡ್‌ಮಾಸ್ತರರಿಗೆ ಇದನ್ನು ಹೇಳಬಾರದಿತ್ತು. ಹೇಳಿಬಿಟ್ಟೆ. ಅವರು ನೇರವಾಗಿ ಸಾಲಿನ ಮುಂದೆ ಹೋಗಿ, ಬೆತ್ತದಿಂದ ಮೇಜು ಕುಟ್ಟಿ ಅಪ್ಪಣೆ ಮಾಡಿದರು.

"ಎಲ್ಲಾರೂ ಕೇಳ್ರಿ. ಡಾಕ್ಟರಮ್ಮಾರ ಕೆಲಸ ಮುಗಿಯೂತನಕ ಯಾರೂ ಹುಣಸಿಹಣ್ಣು ನೆನಸಬಾರದು. ಉಪ್ಪು ಖಾರ ಹಚ್ಚಿದ್ದಂತೂ ನೆನಸಲೇಬಾರದು."

ಅಲ್ಲಿಯವರೆಗೆ ಅದನ್ನು ನೆನೆಸಿದವಳು ಒಬ್ಬಳೇ. ಅಪ್ಪಣೆಯಾದ ಮೇಲೆ ಇಡೀ ಸಾಲು ಗುಟುಕು ಗುಟುಕು ನುಂಗಲು ಶುರು ಮಾಡಿತು. ಸಿಸ್ಟರು ಗಾಳಿಯ ಚೆಂಡು ಒತ್ತಿ ಒತ್ತಿ ಸೋತರು. ಆ ದಿನ ಕೆಲಸ ನಿಲ್ಲಿಸಿದೆವು. ನಾನು ಚೀಲ ಕಟ್ಟುವಾಗ ಹೆಡ್‌ಮಾಸ್ತರರು ಕ್ಷಮೆ ಕೇಳಲು ಬಂದರು. ಆದರೆ ಮೊದಲು ಎರಡು ಸಲ ನುಂಗಿಕೊಂಡೇ ಮಾತು ಶುರು ಮಾಡಬೇಕಾಯಿತು.

ಕಲ್ಮಲದ ಚಹಾ

ಮಾನ್ವಿಯಲ್ಲಿ ತೊಂದರೆ ನನ್ನಿಂದಲೇ ಆಯಿತು. ಅಂದಿನ ಕೊನೆಯ ಹುಡುಗಿಗೆ ಔಷಧ ಹಚ್ಚಿ, ನಾನು ಹೇಳುವ ತನಕ ಬಾಯಿ ಮುಚ್ಚಬೇಡ ಎಂದೆ. ಅಷ್ಟರಲ್ಲಿ ಡ್ರೈವರು ಕತ್ತಲಾಗುವುದರೊಳಗೆ ಊರು ಸೇರಬೇಕೆಂದು ಅವಸರ ಮಾಡಿದ. ಹಲ್ಲು ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. ಭೇಷ್, ಮನೆಗೆ ಹೋಗು ಎಂದೆ. ಹೋದಳು.

ರಾಯಚೂರಿನ ದಾರಿಯಲ್ಲಿ ಕಲ್ಮಲದ ಹತ್ತಿರ ಚಹಾಕ್ಕೆ ನಿಂತಿದ್ದೆವು. ಹಿಂದಿನಿಂದ, ಅಲ್ಲಿಯವರೆಗೆ ಮಾತ್ರ ಬರುವ ಮಾನ್ವಿಯ ಬಸ್ಸು ಬಂದು ನಮ್ಮ ಜೀಪಿನ ಪಕ್ಕದಲ್ಲೇ ನಿಂತಿತು. ಮೊದಲು ಒಬ್ಬ ಅಜ್ಜಿ ಇಳಿದಳು, ಅವಳ ಹಿಂದೆ ಆ ಹುಡುಗಿ. ಬಾಯಿ ಇನ್ನೂ ತೆರೆದೇ ಇತ್ತು. ಮನೆಯಲ್ಲಿ ಎಲ್ಲರೂ ಹೇಳಿ ನೋಡಿದ್ದರಂತೆ, ಡಾಕ್ಟರಮ್ಮ ಹೇಳಿಲ್ಲ ಎಂದು ಕೈಸನ್ನೆ ಮಾಡಿ ಕೂತುಬಿಟ್ಟಿದ್ದಳಂತೆ.

"ಯವ್ವಾ, ಮುಚ್ಚು ಅನ್ರಿ. ದಾರಿ ಧೂಳೆಲ್ಲಾ ಇಕಿ ಬಾಯಾಗೇ ಹೋಗ್ಯಾದ," ಎಂದಳು ಅಜ್ಜಿ.

ಚಹಾ ಅಲ್ಲೇ ಬಿಟ್ಟು ಎದ್ದೆ. ಹುಡುಗಿಯ ಬಾಯಿ ತೊಳೆಸಿ, ಮುಚ್ಚವ್ವಾ, ತಪ್ಪು ನನ್ನದು ಎಂದೆ. ಮುಚ್ಚಿದಳು. ಮರುಗಳಿಗೆ ತಾನೇ ತೆರೆದು, ದವಡೆ ನೋವಿನಿಂದ ಹಿಡಿದು ಕಿಟಕಿ ಸೀಟು ಸಿಗದ್ದರ ತನಕ ಮಧ್ಯಾಹ್ನದಿಂದ ತಡೆದಿಟ್ಟ ಮಾತನ್ನೆಲ್ಲ ಹೇಳಲು ಹತ್ತಿದಳು. ಮಾನ್ವಿಗೆ ತಿರುಗಿ ಹೊರಟ ಅದೇ ಬಸ್ಸು ಹತ್ತಿದರೂ ನಿಲ್ಲಿಸಲಿಲ್ಲ. ಕಂಡಕ್ಟರು ಸೀಟಿ ಊದುವ ಮೊದಲು ಬಾಗಿಲಿನಿಂದ ಬಗ್ಗಿ ನನ್ನನ್ನು ಕೇಳಿದ: "ಡಾಕ್ಟರಮ್ಮಾರೆ, ಊರು ಮುಟ್ಟೂತನಕ ಮೊದಲಿನಂಗ ಇರು ಅಂತ ಹೇಳಾಕ ಬರ್ತದೇನ್ರಿ?"

ಸಾಹೇಬರ ತಪಾಸಣೆ

ವರ್ಷ ತುಂಬುವುದರೊಳಗೆ ಮೂರೂ ಶಾಲೆಗಳನ್ನು ಮತ್ತೆರಡು ಸಲ ಸುತ್ತಿದೆವು. ಕೆಲವು ಹಲ್ಲುಗಳ ಮೇಲಿನದು ಎದ್ದುಹೋಗಿತ್ತು. ಸಿಸ್ಟರು ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆದರು, ನಾನು ಮತ್ತೆ ಹಚ್ಚಿದೆ. ಬಂದಿರದ ಮಕ್ಕಳ ಮನೆಗೇ ಹೋದೆವು. ಹತ್ತಿ ಹೊಲದ ಬದುವಿನ ಮೇಲೆ ಕೂರಿಸಿಯೂ ಒಬ್ಬಳಿಗೆ ಹಚ್ಚಿದ್ದುಂಟು.

ಸಾಹೇಬರು ತಪಾಸಣೆಗೆ ದೇವದುರ್ಗವನ್ನೇ ಆರಿಸಿಕೊಂಡರು. ಎರಡನೇ ಇಯತ್ತೆಯ ಒಂದು ಸಣ್ಣ ಹುಡುಗಿ ಕುರ್ಚಿಗೆ ಬಂದಳು. ಸಾಹೇಬರು ಟಾರ್ಚು ಬಿಟ್ಟು ನೋಡಿದರು. ಬಿಳಿ ಹಲ್ಲಿನ ಮೇಲೆ ಬಿಳಿ ಔಷಧ. ನನಗೇನೂ ಕಾಣವಲ್ದು ಎಂದರು. ಹಲ್ಲು ಪರೀಕ್ಷಿಸುವ ಸಣ್ಣ ಸಲಾಕೆ ಕೊಡಹೋಗಿ, ಇದರಿಂದ ಮುಟ್ಟಿ ನೋಡಿ, ಗೀರಿಗೆ ಸಿಕ್ಕಿಕೊಳ್ಳುವುದಿಲ್ಲ ಎಂದೆ. ಅದು ಬೇಡ, ನನ್ನ ಬೆರಳಿನ ಮೇಲೆ ನನಗೆ ಭರವಸೆ ಎಂದು ಕೈತೊಳೆದು, ಬಲಗೈಯ ತೋರುಬೆರಳನ್ನು ಹಿಂದಿನ ದವಡೆಯ ತನಕ ಇಟ್ಟರು. ಸವರಿದರು. ನುಣ್ಣಗಿದೆ ಎಂದು ಒಪ್ಪಿದರು. ಅಲ್ಲಿಗೆ ಬಿಡಬಹುದಿತ್ತು. ಆದರೆ ಬೆರಳು ಒಳಗಿರುವಾಗಲೇ ಹುಡುಗಿಯನ್ನು ಕೇಳಿದರು.

"ಖರೇನೇ ಗಟ್ಟಿ ಅದೇನವಾ? ತೋರ್ಸು ನೋಡೋಣ."

ಹುಡುಗಿ ವಿಧೇಯಳು. ತೋರಿಸಿದಳು.

ಸಾಹೇಬರ ಧ್ವನಿ ಕೇಳಿ ಬೇರೆ ವರ್ಗದ ಮಕ್ಕಳೂ ಎದ್ದು ನಿಂತರು. ಹುಡುಗಿ ಮಾತ್ರ ನನ್ನ ಕಡೆ ನೋಡುತ್ತ, ಸಾಕೋ ಇನ್ನೂ ಬೇಕೋ ಎಂಬಂತೆ ಹಿಡಿದೇ ಇದ್ದಳು. ಬಿಡವಾ, ಬಿಡು ತಾಯಿ ಎಂದು ಸಿಸ್ಟರು ಗಲ್ಲ ಸವರಿ ಬಿಡಿಸಿದರು. ಸಾಹೇಬರು ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಜೀಪು ಹತ್ತಿದರು. ರಾಯಚೂರು ಹತ್ತಿರ ಬಂದಾಗ ಒಂದೇ ಪ್ರಶ್ನೆ ಕೇಳಿದರು: ಆ ಹಲ್ಲಿಗೆ ಹಚ್ಚಿದ್ದು ಹೋದ ವರ್ಷವೇ ಏನ್ರಿ? ಹೌದು ಎಂದೆ. ತಲೆಯಾಡಿಸಿದರು.

ಅವರು ನ್ಯಾಯವಂತರು. ಮರುದಿನವೇ ವರದಿ ಬರೆಸಿದರು: ಸ್ವತಃ ಪರೀಕ್ಷಿಸಿದ್ದೇನೆ, ಔಷಧ ಉಳಿದಿದೆ, ಹಲ್ಲುಗಳು ಅತ್ಯಂತ ಗಟ್ಟಿಯಾಗಿವೆ, ಕೆಲಸ ಮುಂದುವರಿಸಬೇಕು. ಬಲಗೈ ಆಡದ್ದರಿಂದ ಎಡಗೈಯಲ್ಲಿ ರುಜು ಮಾಡಿದರು. ಹದಿನೈದು ದಿನಕ್ಕೆ ಕಾಗದ ಮೇಲಿನ ಕಚೇರಿಯಿಂದ ವಾಪಸು ಬಂತು. ರುಜು ಹೊಂದುವುದಿಲ್ಲ, ಕಾರಣ ತಿಳಿಸಿ ಎಂದು ಬರೆದಿದ್ದರು. ಸಾಹೇಬರು ಏನನ್ನೂ ಮುಚ್ಚಿಡದೆ ಕಾರಣ ಬರೆದು ಕಳಿಸಿದರು.

ಒಂದೇ ವಾರದಲ್ಲಿ ಮಂಜೂರಾತಿ ಬಂತು. ಈ ಸಲ ಡಬ್ಬಿ ಒಂದಲ್ಲ, ನಾಲ್ಕು. ಜೊತೆಗೊಂದು ಆದೇಶವೂ ಇತ್ತು: ಇನ್ನು ಮುಂದೆ ಈ ಕೆಲಸದ ತಪಾಸಣೆಗೆ ಅಧಿಕಾರಿಗಳು ಖುದ್ದಾಗಿ ಹೋಗುವ ಅಗತ್ಯವಿಲ್ಲ.