ಮನೆ ನೋಡೋಕೆ ಬಂದವರು

ಮಾಲಾ: ಆ ತೂತು ಬನಿಯನ್ ಬಿಚ್ಚಿ ಅಂದೆ!

ಸುಬ್ರಮಣಿ: ಬಿಚ್ಚಲ್ಲ. ಮೊದಲು ನೀನು ಆ ರೇಷ್ಮೆ ಸೀರೆ ಬದಲಾಯಿಸು, ಆಮೇಲೆ ಬನಿಯನ್ ಮಾತು.

ಮಾಲಾ: ಬರ್ತಾ ಇರೋರು ಹೊಂಗೆತೋಪು ಸ್ಕೂಲಿನವರು ಕಣ್ರೀ! ಅಲ್ಲಿ ಸೀಟು ಸಿಗೋದು ಅಂದ್ರೆ ಸುಮ್ನೆನಾ? ತಾಯಿ ಆದೋಳು ಮರ್ಯಾದೆಯಾಗಿ ಕಾಣಿಸ್ಬೇಡ್ವಾ?

ಸುಬ್ರಮಣಿ: ಸೀಟು ಸಿಕ್ಕಾಯ್ತು ಕಣೇ. ಈಗ ಬರ್ತಿರೋದು ಫೀಸು ಬಿಡಬೇಕೋ ಬೇಡ್ವೋ ಅಂತ ನೋಡೋಕೆ. ನಿನ್ನ ಜರಿ ಮಿಂಚಿದಷ್ಟೂ ನನ್ನ ಜೇಬಿಗೆ ತೂತು.

ಮಾಲಾ: ಹಂಗಂತ ತೂತನ್ನ ಮೈಮೇಲೇ ಹಾಕ್ಕೊಂಡು ನಿಲ್ಲೋದಾ? ನಾಳೆ ಅಲ್ಲಿ ಓದೋಳು ನನ್ನ ಮಗಳು. 'ಬನಿಯನ್ನೋರ ಮಗಳು ಬಂದ್ಲು' ಅಂತಾರೆ.

ಸುಬ್ರಮಣಿ: ಫೀಸು ಬಿಡದೇ ಇದ್ರೆ ಅವಳು ಹೋಗೋದೇ ಇಲ್ಲ. ಆಗ ಯಾರೂ ಏನೂ ಅನ್ನಲ್ಲ ಬಿಡು.

ಬಸವೇಶ್ವರನಗರದ ಆ ಕೆಳಮನೆಯಲ್ಲಿ ಬೆಳಗಿನಿಂದ ನಡೆದದ್ದು ಇದೇ. ಸುಬ್ರಮಣಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವವನು. ಲಗ್ನದ ತಿಂಗಳುಗಳಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಆಷಾಢ, ಧನುರ್ಮಾಸ ಬಂತೆಂದರೆ ನೊಣ ಹೊಡೆಯುವುದೇ ಕೆಲಸ. ಈಗ ಧನುರ್ಮಾಸ. ಮಾಲಾ ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಒಬ್ಬಳೇ ಮಗಳು ಸ್ಮೃತಿ, ಕೆಂಗೇರಿಯಾಚೆಯ ಹೊಂಗೆತೋಪು ಶಾಲೆಯ ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ, ಊರೆಲ್ಲ ಮುಗಿಬಿದ್ದಿದ್ದ ಆರನೇ ಕ್ಲಾಸಿನ ಸೀಟನ್ನು ಗೆದ್ದುಕೊಂಡು ಬಂದಿದ್ದಳು. ಫೀಸು ಎಷ್ಟೆಂದು ಕೇಳಿದ ದಿನ ಸುಬ್ರಮಣಿಗೆ ತನ್ನ ಕುರ್ಚಿಗಳ ಲೆಕ್ಕವೇ ತಪ್ಪಿಹೋಗಿತ್ತು. ಕಷ್ಟವಿದ್ದವರಿಗೆ ಶಾಲೆಯೇ ಫೀಸಿನಲ್ಲಿ ರಿಯಾಯಿತಿ ಕೊಡುತ್ತದೆಂದು ಯಾರೋ ಹೇಳಿದ ಮೇಲೆ ಅರ್ಜಿ ಹಾಕಿದ್ದ. 'ಶನಿವಾರ ನಮ್ಮ ಕಡೆಯಿಂದ ಒಬ್ಬರು ಮನೆ ನೋಡೋಕೆ ಬರ್ತಾರೆ' ಎಂದು ಫೋನೂ ಬಂದಿತ್ತು.

ಬಡತನ ಎದ್ದು ಕಾಣಲಿ ಎಂದು ಸುಬ್ರಮಣಿ ಸೋಫಾ, ಟಿವಿ, ಫ್ರಿಜ್ಜುಗಳನ್ನು ತನ್ನ ಗೋಡೌನಿಗೆ ಸಾಗಿಸಿದ. ಬಂದವರನ್ನು ನೆಲದ ಮೇಲೆ ಕೂರಿಸುವುದೇ ಎಂದು ಮಾಲಾ ಅದೇ ಗೋಡೌನಿನಿಂದ ಒಂದು ಆಸನ ತರಿಸಿದಳು. ಆರತಕ್ಷತೆಗೆ ಹಾಕುವ, ಕೆಂಪು ಮಕಮಲ್ಲಿನ, ಕೈಗಳಲ್ಲಿ ಚಿನ್ನದ ಬಣ್ಣದ ಸಿಂಹಗಳಿದ್ದ ಸಿಂಹಾಸನ! ಸುಳ್ಳು ಹೇಳಲು ಬಾರದ ಸ್ಮೃತಿಯನ್ನಂತೂ ಬೆಳಿಗ್ಗೆಯೇ ಬ್ಯಾಡರಹಳ್ಳಿಯ ಅಜ್ಜಿಮನೆಗೆ ಕಳಿಸಿಯಾಗಿತ್ತು.

ಅಷ್ಟರಲ್ಲಿ ಮೊದಲ ಮಹಡಿಯಿಂದ ಮನೆ ಓನರ್ ಇಂದ್ರಮ್ಮ ಇಳಿದು ಬಂದರು.

ಇಂದ್ರಮ್ಮ: ಮಾಲಾ, ತಗೋ ಎರಡನೇ ಮಹಡಿ ಖಾಲಿ ಮನೆ ಬೀಗದ ಕೈ. ನಾನು ದೇವಸ್ಥಾನಕ್ಕೆ ಹೋಗಿ ಬರ್ತೀನಿ. ಬ್ರೋಕರು ಯಾರನ್ನೋ ಕಳಿಸ್ತಾನಂತೆ. ನಾಲ್ಕು ಒಳ್ಳೇ ಮಾತು ಹೇಳಿ ತೋರಿಸ್ರಮ್ಮ. ಅದು ಬಾಡಿಗೆಗೆ ಹೋದ್ರೆ ಈ ವರ್ಷ ನಿಮ್ಮ ಬಾಡಿಗೆ ಏರಿಸಲ್ಲ. (ಸಿಂಹಾಸನ ನೋಡಿ) ಇದೇನಪ್ಪಾ, ಯಾರದು ಪಟ್ಟಾಭಿಷೇಕ?

ಸುಬ್ರಮಣಿ: ನಮ್ಮ ಬಡತನದ್ದು, ಆಂಟಿ.

ಇಂದ್ರಮ್ಮ ತಲೆ ಕೊಡವಿ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಫೈಲು.

ಗುರುಬಸಪ್ಪ: ನಮಸ್ಕಾರ್ರೀ. ನಾ ಗುರುಬಸಪ್ಪ ಅಂತ. ಮನಿ ನೋಡಾಕ ಬಂದೇನ್ರಿ.

ಫೈಲು ಕಂಡದ್ದೇ ಸುಬ್ರಮಣಿಯ ಬೆನ್ನು ಬಾಗಿತು.

ಸುಬ್ರಮಣಿ: ಬನ್ನಿ ಸಾರ್, ನಿಮ್ಮನ್ನೇ ಕಾಯ್ತಾ ಇದ್ವಿ. ಕೂತ್ಕೊಳ್ಳಿ.

ಗುರುಬಸಪ್ಪ: (ಹಿಂಜರಿಯುತ್ತ) ಇದರ ಮ್ಯಾಲ?

ಮಾಲಾ: ಮನೇಲಿರೋದೇ ಅದೊಂದು ಸಾರ್.

ಗುರುಬಸಪ್ಪ ಎರಡು ಸಿಂಹಗಳ ತಲೆಯ ಮೇಲೆ ಕೈಯಿಟ್ಟು, ಹೆಣ್ಣಿಗಾಗಿ ಕಾದ ಮದುಮಗನಂತೆ ಕುಳಿತ.

ಗುರುಬಸಪ್ಪ: ನೀರು ಹ್ಯಾಂಗ್ರಿ ಇಲ್ಲೆ?

ಸುಬ್ರಮಣಿ: ನೀರಾ ಸಾರ್? ನಲ್ಲಿ ತಿರುಗಿಸಿದ್ರೆ ಮೊದಲು ಗಾಳಿ ಬರುತ್ತೆ, ಆಮೇಲೆ ಸದ್ದು ಬರುತ್ತೆ. ನೀರು ಬಂದ ದಿನ ಹಬ್ಬ ಮಾಡ್ತೀವಿ.

ಗುರುಬಸಪ್ಪ: ಅಯ್ಯ! ಮಳಿಗಾಲದಾಗ?

ಸುಬ್ರಮಣಿ: ಸೋರುತ್ತೆ ಸಾರ್. ಮಲಗಿದ್ರೆ ಮೂಗಿನ ಮೇಲೇ ತೊಟಕ್ ಅನ್ನುತ್ತೆ.

ಗುರುಬಸಪ್ಪ: ಮ್ಯಾಲ ಇನ್ನೂ ಎರಡು ಮಾಳಿಗಿ ಅದಾವಲ್ರೀ. ಕೆಳಗ ಹ್ಯಾಂಗ ಸೋರತೈತಿ?

ಸುಬ್ರಮಣಿ: ಅದೇ ಸಾರ್ ನಮ್ಮ ಹಣೆಬರಹ. ಎರಡು ಮಹಡಿ ದಾಟಿ ನಮ್ಮನ್ನೇ ಹುಡುಕ್ಕೊಂಡು ಬಂದು ಸೋರುತ್ತೆ.

ಮಾಲಾ: (ತಡೆಯಲಾರದೆ) ಸೋರಲ್ಲ ಸಾರ್, ಸ್ವಲ್ಪ ತಂಪಾಗಿರುತ್ತೆ ಅಷ್ಟೇ. ಆರೋಗ್ಯಕ್ಕೆ ಒಳ್ಳೇದು.

ಗುರುಬಸಪ್ಪ: ಓನರು ಹ್ಯಾಂಗ್ರಿ, ಚಲೋ ಮಂದಿನ?

ಸುಬ್ರಮಣಿ: ಸಾಕ್ಷಾತ್ ಮಾರಿ ಸಾರ್. ಅವರ ಕಾಲ ಸದ್ದು ಕೇಳಿದ್ರೆ ನಮ್ಮ ಮಗಳು ಪುಸ್ತಕದೊಳಗೆ ಬಚ್ಚಿಟ್ಕೋತಾಳೆ. ಹಂಗೇ ಜಾಣೆ ಆಗಿದ್ದು.

ರೊಟ್ಟಿ ಬಡಿಯುವ ಸದ್ದಿಗೇ ಜಗಳಕ್ಕೆ ಬರುತ್ತಿದ್ದ ಹಳೆಯ ಓನರು ಗುರುಬಸಪ್ಪನಿಗೆ ನೆನಪಾದರು. ಆಮೇಲೆ ದನಿ ತಗ್ಗಿಸಿ ಕೇಳಿದ.

ಗುರುಬಸಪ್ಪ: ಇಲ್ಲೆ ರೊಟ್ಟಿ ಬಡದರ ನಡೀತೈತೇನ್ರಿ?

ಸುಬ್ರಮಣಿ ಬೆಪ್ಪಾಗಿ ಹೆಂಡತಿಯ ಕಡೆ ನೋಡಿದ.

ಮಾಲಾ: (ಪಿಸುಮಾತಿನಲ್ಲಿ) ಏನು ತಿಂತೀವಿ ಅಂತ ತಿಳ್ಕೋತಿದಾರೆ ಕಣ್ರೀ. ದೊಡ್ಡ ಸ್ಕೂಲು, ಎಲ್ಲಾ ಕೇಳ್ತಾರೆ.

ಸುಬ್ರಮಣಿ: ರೊಟ್ಟಿ ಎಲ್ಲಿ ಬಂತು ಸಾರ್ ನಮಗೆ? ಗಂಜಿ! ಅದೂ ತೆಳ್ಳಗೆ!

ಗುರುಬಸಪ್ಪ: ಆಗಲಿ ಬಿಡ್ರಿ. ಅಡ್ವಾನ್ಸ್ ಎಷ್ಟಂತ ಹೇಳ್ರಲಾ?

ಸುಬ್ರಮಣಿ ಎರಡು ಹೆಜ್ಜೆ ಹಿಂದೆ ಸರಿದ. ರಿಯಾಯಿತಿ ಕೊಡುವ ಮೊದಲೇ ಅಡ್ವಾನ್ಸ್ ಕೇಳುತ್ತಾರೆಯೇ?

ಸುಬ್ರಮಣಿ: ಅಡ್ವಾನ್ಸಾ? ಇಲ್ಲ ಸಾರ್! ಒಂದು ಪೈಸೇನೂ ಇಲ್ಲ!

ಗುರುಬಸಪ್ಪ: (ಸಿಂಹಾಸನದಲ್ಲಿ ಮುಂದಕ್ಕೆ ಜರುಗಿ) ಅಡ್ವಾನ್ಸೇ ಇಲ್ಲೇನ್ರಿ? ಖರೇನ?

ಸುಬ್ರಮಣಿ: ನಮ್ಮ ತಾಯಾಣೆ ಇಲ್ಲ.

ಗುರುಬಸಪ್ಪ: ಮತ್ತ ತಿಂಗಳಿಗೆ?

ಸುಬ್ರಮಣಿ: ತಿಂಗಳಿಗೆ ಎಷ್ಟು ಅಂತ ನಾವು ಹೇಳೋದು ಸರಿಯಲ್ಲ ಸಾರ್. ನೀವೇ ನ್ಯಾಯವಾಗಿ ಒಂದು ಹೇಳಿ. ನೀವು ಹೇಳಿದ್ದಕ್ಕೆ ನಾವು ತಲೆ ಬಾಗಿಸ್ತೀವಿ.

ಗುರುಬಸಪ್ಪ ಸಿಂಹಾಸನದಿಂದ ಜಾರುವುದರಲ್ಲಿದ್ದ. ಬೆಂಗಳೂರಿನಲ್ಲಿ ಇಂಥ ಮಾತು ಅವನು ಕೇಳಿದ್ದು ಅದೇ ಮೊದಲು.

ಗುರುಬಸಪ್ಪ: ಒಂದು ನಿಮಿಷ ತಡೀರಿ. ಮನ್ಯಾಗ ಫೋನ್ ಮಾಡಿ ಕೇಳಿ ಬರ್ತೇನಿ. ಬ್ಯಾರೆ ಯಾರಿಗೂ ಮಾತು ಕೊಡಬ್ಯಾಡ್ರಿ ಮತ್ತ!

ಅವನು ಫೋನ್ ಕಿವಿಗಿಟ್ಟುಕೊಂಡು ರಸ್ತೆಯ ತಿರುವಿನವರೆಗೂ ಓಡಿದ. ಇತ್ತ ಸುಬ್ರಮಣಿ ಕುಣಿದುಬಿಟ್ಟ.

ಸುಬ್ರಮಣಿ: ನೋಡಿದ್ಯಾ? ಒಂದು ಪೈಸೆ ಇಲ್ಲ ಅಂದ ತಕ್ಷಣ ಆ ಮನುಷ್ಯನ ಮುಖ ಹೆಂಗೆ ಅರಳಿತು! ಬಡವರನ್ನ ಕಂಡ್ರೆ ಅಷ್ಟು ಪ್ರೀತಿ!

ಮಾಲಾ: ಹೆಂಡತೀನ ಕೇಳಿ ಫೀಸು ತೀರ್ಮಾನ ಮಾಡ್ತಾರೆ ಅಂದ್ರೆ ಎಂಥಾ ಸಂಸ್ಕಾರ ರೀ. ನೀವೂ ಇದೀರ.

ಕೆಲಸ ಮುಗಿಯಿತೆಂದು ಸುಬ್ರಮಣಿ ಒಳ್ಳೆಯ ಅಂಗಿ ತೊಟ್ಟು, ತಲೆ ಬಾಚಿ ಬಂದ. ಅಷ್ಟರಲ್ಲಿ ನೂಲಿನ ಸೀರೆಯ ಹೆಂಗಸೊಬ್ಬರು ಹೆಗಲ ಚೀಲ ಸರಿಪಡಿಸಿಕೊಳ್ಳುತ್ತ ಗೇಟು ತೆಗೆದರು.

ಅನಂತಲಕ್ಷ್ಮಿ: ಮನೆ ನೋಡೋಕೆ ಬಂದಿದೀನಿ. ಬಸ್ಸು ತಡ ಆಯ್ತು, ಕ್ಷಮಿಸಿ.

ಮಾಲಾ: (ಗಂಡನ ಕಿವಿಯಲ್ಲಿ) ಇವರೇ ಬ್ರೋಕರ್ ಕಳಿಸಿದೋರು. ಹೊಗಳಿ!

ಸುಬ್ರಮಣಿ: ಬನ್ನಿ ಮೇಡಂ! ಪುಣ್ಯ ಮಾಡಿದ್ರಿ, ಇಂಥಾ ಮನೆಗೆ ಬರೋಕೆ!

ಅನಂತಲಕ್ಷ್ಮಿಯನ್ನೂ ಸಿಂಹಾಸನ ಏರಿಸಿದರು. ಅವರು ಕೂತು, ಕೆಳಗೆ ನೋಡಿಕೊಂಡು, ಚೀಲದಿಂದ ಕನ್ನಡಕ, ನೋಟ್‌ಬುಕ್ಕು ಹೊರತೆಗೆದರು.

ಅನಂತಲಕ್ಷ್ಮಿ: ನೀರಿನ ಅನುಕೂಲ ಹೇಗಿದೆ?

ಮಾಲಾ: ಕಾವೇರಿ ಮೇಡಂ! ನಲ್ಲಿ ನಿಲ್ಲಿಸೋದೇ ಕಷ್ಟ. ಬೆಳಕಂತೂ ಕೇಳಲೇಬೇಡಿ. ನಮ್ಮ ಮಗಳು ಸಂಜೆಗಂಟ ಲೈಟ್ ಹಾಕದೇ ಓದ್ತಾಳೆ.

ಅನಂತಲಕ್ಷ್ಮಿ: ಓನರ್ ಕಿರುಕುಳ ಏನಾದ್ರೂ?

ಸುಬ್ರಮಣಿ: ಸಾಕ್ಷಾತ್ ಅನ್ನಪೂರ್ಣೆ! ಹೋಳಿಗೆ ಮಾಡಿದ ದಿನ ಮೊದಲ ಹೋಳಿಗೆ ನಮಗೆ.

ಅನಂತಲಕ್ಷ್ಮಿ: ಬಾಡಿಗೆ ಕಟ್ಟೋದು ಭಾರ ಆಗ್ತಿಲ್ವಾ?

ಸುಬ್ರಮಣಿ: ಇದೂ ಒಂದು ಬಾಡಿಗೆನಾ ಮೇಡಂ! ಬೀದೀಲಿ ಬಿದ್ದಿದ್ರೆ ಬಗ್ಗಿ ಎತ್ಕೊಳ್ಳಲ್ಲ, ಅಷ್ಟು ಕಮ್ಮಿ.

ಅನಂತಲಕ್ಷ್ಮಿ ಹುಬ್ಬೇರಿಸಿ ಬರೆದುಕೊಂಡರು.

ಅನಂತಲಕ್ಷ್ಮಿ: ಅಂದ್ರೆ, ನಿಮಗೆ ಸಹಾಯ ಏನೂ ಬೇಕಿಲ್ಲ?

ಸುಬ್ರಮಣಿ: ನಮಗ್ಯಾಕೆ ಸಹಾಯ? ನಾವೇ ನಿಮಗೆ ಮಾಡ್ತೀವಿ. ಸಾಮಾನು ಎತ್ತೋಕೆ ನನ್ನ ಹುಡುಗರಿದಾರೆ, ಗಾಡಿ ಇದೆ.

ಅನಂತಲಕ್ಷ್ಮಿ: (ಇನ್ನಷ್ಟು ಗೊಂದಲದಲ್ಲಿ) ಹಾಗಾದ್ರೆ ರಿಯಾಯಿತಿ?

ಸುಬ್ರಮಣಿ: ಅದೊಂದು ಮಾತ್ರ ಬಾಯಲ್ಲಿ ತರಬೇಡಿ ಮೇಡಂ! ಇಂಥಾ ಕಡೆ ರಿಯಾಯಿತಿ ಕೇಳೋರು ಮನುಷ್ಯರೇ ಅಲ್ಲ!

ಅನಂತಲಕ್ಷ್ಮಿ: ಸರಿ. ನೀವೇ ಇಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ಇನ್ನೇನು? ಸ್ಮೃತಿಗೆ ಪೂರ್ತಿ ಫೀಸು ಅಂತ ಬರ್ಕೋತೀನಿ.

ಮಾಲಾ ಗಂಡನ ತೋಳು ಜಗ್ಗಿದಳು.

ಸುಬ್ರಮಣಿ: ಸ್ಮೃತಿ... ನಿಮಗೆ ಹೆಂಗೆ ಗೊತ್ತು?

ಅನಂತಲಕ್ಷ್ಮಿ: ನಾನು ಹೊಂಗೆತೋಪು ಶಾಲೆಯಿಂದ ಬಂದಿದೀನಲ್ಲ! ಅನಂತಲಕ್ಷ್ಮಿ ಅಂತ.

ಮಾಲಾ ಗೋಡೆ ಹಿಡಿದುಕೊಂಡಳು. ಸುಬ್ರಮಣಿ ಹಿಡಿಯಲು ಗೋಡೆಯೂ ಉಳಿದಿರಲಿಲ್ಲ.

ಮಾಲಾ: ಮತ್ತೆ ಆಗ ರೊಟ್ಟಿ ವಿಷಯ ಕೇಳಿದ್ರಲ್ಲ, ಅವರು ಯಾರು?

ಉತ್ತರವೇ ಬಾಗಿಲಿಂದ ಏದುಸಿರು ಬಿಡುತ್ತ ಒಳಗೆ ಬಂತು.

ಗುರುಬಸಪ್ಪ: ಫೈನಲ್ ರೀ! ನಮ್ಮ ಮನೀಯವರು ಹೂಂ ಅಂದ್ರು. ಅಡ್ವಾನ್ಸ್ ಇಲ್ಲ, ಬಾಡಿಗಿ ನಾವು ಹೇಳಿದಷ್ಟು. ಯಾವಾಗ ಬರೋಣು?

ಅವನ ಬೆನ್ನ ಹಿಂದೆಯೇ ಕುಂಕುಮದ ಪೊಟ್ಟಣ ಹಿಡಿದ ಇಂದ್ರಮ್ಮ ನಿಂತಿದ್ದರು.

ಇಂದ್ರಮ್ಮ: ಯಾವ ಮನೆಗೆ ಅಡ್ವಾನ್ಸ್ ಇಲ್ಲ? ಯಾರು ಹೇಳಿದ್ದು?

ಗುರುಬಸಪ್ಪ: ಇವರ ಹೇಳಿದ್ರಲ್ರೀ. ಸೋರತೈತಿ, ನೀರಿಲ್ಲ, ಓನರು... (ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ) ಓಹೋ, ಆ ಮಾರಿ ಅಂದ್ರ ನೀವಾ?

ಇಂದ್ರಮ್ಮನ ಮುಖ ಕೈಯಲ್ಲಿದ್ದ ಕುಂಕುಮದ ಬಣ್ಣಕ್ಕೆ ತಿರುಗಿತು. ಒಬ್ಬೊಬ್ಬರೂ ಒಂದೊಂದು ದಿಕ್ಕಿನಿಂದ ಮಾತಾಡಲು ಶುರುಮಾಡಿದರು. ಕೊನೆಗೆ ಸುಬ್ರಮಣಿ ಗದ್ದಲದ ನಡುವೆ ಅನಂತಲಕ್ಷ್ಮಿಯ ಮುಂದೆ ಹೋಗಿ ಕೈ ಮುಗಿದ. ಈ ಸಲ ಬೆನ್ನು ಬಾಗಿಸಲಿಲ್ಲ.

ಸುಬ್ರಮಣಿ: ಮೇಡಂ, ಅವರಿಗೆ ಹೇಳಿದ್ದೂ ಸುಳ್ಳು, ನಿಮಗೆ ಹೇಳಿದ್ದೂ ಸುಳ್ಳು. ಗಂಜಿ ಕುಡಿಯಲ್ಲ, ಅನ್ನಾನೇ ತಿಂತೀವಿ. ಸೋಫಾ, ಟಿವಿ ಎಲ್ಲಾ ಗೋಡೌನಲ್ಲಿದೆ. ಮದುವೆ ಇದ್ದಾಗ ದುಡ್ಡು ಇರುತ್ತೆ, ಇಲ್ಲದಾಗ ಇರಲ್ಲ. ಊರೋರ ಮಕ್ಕಳ ಫಂಕ್ಷನ್ನಿಗೆಲ್ಲ ಮುಂದಿನ ಸಾಲಿನ ಕುರ್ಚಿ ಹಾಕಿದೋನು ನಾನು. ನನ್ನ ಮಗಳೂ ಒಂದ್ಸಲ ಮುಂದಿನ ಸಾಲಲ್ಲಿ ಕೂರಲಿ ಅಂತ ಆಸೆ. ಅದಕ್ಕೆ ಕೋತಿ ಥರ ಆಡಿಬಿಟ್ಟೆ.

ಮಾಲಾ: ನಾನೂ ಆಡಿದೆ ಮೇಡಂ. ಇವರೊಬ್ರೇ ಅಲ್ಲ.

ಅನಂತಲಕ್ಷ್ಮಿ ನಗು ತಡೆಯಲು ತುಟಿ ಕಚ್ಚಿಕೊಂಡರು. ಆಗಲಿಲ್ಲ. ಸಿಂಹದ ತಲೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅನಂತಲಕ್ಷ್ಮಿ: ನಿಮ್ಮ ಮಗಳು ಸಂದರ್ಶನದಲ್ಲೇ ಎಚ್ಚರಿಕೆ ಕೊಟ್ಟಿದ್ಲು ಕಣ್ರೀ. 'ನಮ್ಮಪ್ಪ ಬಡವರು ಅಂತಾರೆ, ನಮ್ಮಮ್ಮ ಅನುಕೂಲಸ್ಥರು ಅಂತಾರೆ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ ಮೇಡಂ, ಸರಿಹೋಗುತ್ತೆ' ಅಂದ್ಲು.

ಸುಬ್ರಮಣಿ: ಅಷ್ಟು ಜನರ ಮುಂದೆ ಹಂಗಂದ್ಲಾ?

ಅನಂತಲಕ್ಷ್ಮಿ: ಆ ಮಾತಿಗೇ ಎಲ್ರೂ ಸೋತುಹೋದ್ರು. ಈಗ ಅವಳ ಲೆಕ್ಕವೇ ಸರಿ ಅಂತ ಕಾಣುತ್ತೆ. ಅರ್ಧ ಫೀಸು ಬಿಡೋಕೆ ನಾನು ಶಿಫಾರಸು ಮಾಡ್ತೀನಿ. ನನ್ನ ಶಿಫಾರಸು ತಳ್ಳಿಹಾಕಿದ್ದು ಈವರೆಗೂ ಇಲ್ಲ. ಉಳಿದದ್ದನ್ನ ಕಂತಿನಲ್ಲಿ ಕಟ್ಟಿ. ಆಷಾಢ, ಧನುರ್ಮಾಸಕ್ಕೆ ಕಂತಿಲ್ಲ.

ಮಾಲಾ ರೇಷ್ಮೆ ಸೆರಗಿನಿಂದಲೇ ಕಣ್ಣೊರೆಸಿಕೊಂಡಳು. ಸುಬ್ರಮಣಿಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿ ಬಿಕ್ಕಳಿಕೆ ತರಿಸಿಕೊಂಡ.

ಅತ್ತ ಇಂದ್ರಮ್ಮ ಗುರುಬಸಪ್ಪನನ್ನು ಮೇಲಿನ ಮನೆಗೆ ದರದರನೆ ಕರೆದೊಯ್ದು, ಒಂದೊಂದು ನಲ್ಲಿಯನ್ನೂ ತಿರುಗಿಸಿ ತೋರಿಸಿ ಇಳಿದು ಬಂದಿದ್ದರು.

ಗುರುಬಸಪ್ಪ: ಚಲೋ ಐತ್ರಿ ಮನಿ! ನಾಗರಬಾವಿ, ವಿಜಯನಗರ ಎಲ್ಲಾ ಸುತ್ತೇನಿ. ಎಲ್ಲಾರೂ ಅರಮನಿ ಅಂತ ಹೇಳಿ ಗೂಡು ತೋರಸ್ತಾರ. ಗೂಡು ಅಂತ ಹೇಳಿ ಅರಮನಿ ತೋರಿಸಿದವರು ನೀವೊಬ್ಬರ.

ಇಂದ್ರಮ್ಮ: ಅಡ್ವಾನ್ಸ್ ಕೊಡ್ತೀನಿ ಅಂದಿದಾರೆ. ಅದಕ್ಕೆ ಬದುಕಿದೆ ನೀನು, ಸುಬ್ರಮಣಿ.

ಅನಂತಲಕ್ಷ್ಮಿಯನ್ನು ಬಿಟ್ಟುಬರಲು ಸುಬ್ರಮಣಿ ಗೇಟಿನವರೆಗೆ ಹೋದ. ಅವರು ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟವರು ತಿರುಗಿ ನಿಂತರು. ಮೊದಲ ಬಾರಿಗೆ ಅವರ ದನಿಯಲ್ಲಿ ಸಂಕೋಚವಿತ್ತು.

ಅನಂತಲಕ್ಷ್ಮಿ: ಅಂದಹಾಗೆ, ನಮ್ಮ ಶಾಲೆ ವಾರ್ಷಿಕೋತ್ಸವ ಹತ್ತಿರ ಬಂತು. ಶಾಮಿಯಾನ, ಕುರ್ಚಿ ಎಲ್ಲಾ ಬೇಕು. ಖರ್ಚು ಸ್ವಲ್ಪ ಬಿಗಿ ಇದೆ. ನಿಮ್ಮ ಕಡೆಯಿಂದ ಏನಾದ್ರೂ ರಿಯಾಯಿತಿ ಆಗುತ್ತಾ?

ಸುಬ್ರಮಣಿ ಅಂಗಿಯ ಕಾಲರ್ ಸರಿಪಡಿಸಿಕೊಂಡು, ಗಂಭೀರವಾಗಿ ಗೇಟಿಗೆ ಒರಗಿದ.

ಸುಬ್ರಮಣಿ: ಒಂದು ಅರ್ಜಿ ಹಾಕಿ ಮೇಡಂ. ಶನಿವಾರ ನಮ್ಮ ಕಡೆಯಿಂದ ಒಬ್ಬರು ನಿಮ್ಮ ಶಾಲೆ ನೋಡೋಕೆ ಬರ್ತಾರೆ.