ಹೊಟ್ಟೆಯೊಳಗೊಂದು ಸಾವಿರ ಬತ್ತಿ

ಬೆಸಗರಹಳ್ಳಿಯ ಚಿಕ್ಕಣ್ಣ ಆ ಸೋಮವಾರ ಪಟ್ಟ ಪಾಡಿಗೆಲ್ಲ ಕಾರಣ ಒಂದು ಹಿಡಿ ಹತ್ತಿ.

ಮಂಡ್ಯದಲ್ಲಿ ಮೂರನೇ ಕ್ಲಾಸು ಓದುವ ಮೊಮ್ಮಗಳು ಅಮೃತ ಕನಕ ಜಯಂತಿ ರಜೆಗೆ ಬಂದಿದ್ದಳು. ಊರಿಗೆ ಬಂದರೆ ಅವಳು ಅಜ್ಜಿ ಮಂಗಳಮ್ಮನ ಸೆರಗು ಬಿಡುತ್ತಿರಲಿಲ್ಲ. ತಾತನ ಮೀಸೆ ಕಂಡರೆ ಹೆದರಿಕೆ. ಆದರೆ ಅವತ್ತು ಅಜ್ಜಿ ಮೊದಲ ಬಸ್ಸಿಗೇ ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿಬಿಟ್ಟಿದ್ದಳು. ಸಂಜೆ ಕಾರ್ತಿಕ ದೀಪವಂತೆ, ಅದಕ್ಕೆ ಏನೇನೋ ಅಣಿ ಮಾಡಬೇಕಂತೆ, ಮಧ್ಯಾಹ್ನ ಬಂದು ಎಲ್ಲರನ್ನೂ ಕರೆದುಕೊಂಡು ಹೋಗುತ್ತಾಳಂತೆ. ಮಗು ಬೇರೆ ಗತಿಯಿಲ್ಲದೆ ತಾತನ ಮುಂದೆ ಬಂದು ನಿಂತಿತು.

"ತಾತ, ಸ್ಕ್ವಿಶಿ ಮಾಡೋಣ್ವಾ?"

ಎಂಟು ವರ್ಷದಲ್ಲಿ ಅವಳಾಗಿಯೇ ಬಂದು ಏನಾದರೂ ಕೇಳಿದ್ದು ಅದೇ ಮೊದಲು. ಕೇಳಿದ್ದು ಏನೆಂಬುದು ಚಿಕ್ಕಣ್ಣನಿಗೆ ತಿಳಿಯಲಿಲ್ಲ. ಆದರೂ "ಅದ್ಕೇನಂತೆ, ಮಾಡಮ ಬಾ" ಎಂದ. ವಿಮಾನ ಮಾಡೋಣ ಅಂದಿದ್ದರೂ ಅದನ್ನೇ ಅನ್ನುತ್ತಿದ್ದ.

ಕಾಗದದ ಮೇಲೆ ಚಿತ್ರ ಬರೆದು ಬಣ್ಣ ಹಚ್ಚಬೇಕು. ಹರಿಯದ ಹಾಗೆ ಅದರ ಮೇಲೆಲ್ಲ ಟೇಪು ಅಂಟಿಸಬೇಕು. ಹಿಂದಿನದೊಂದು ಮುಂದಿನದೊಂದು ಕತ್ತರಿಸಿ, ಅಂಚು ಕೂಡಿಸಿ, ಒಳಗೆ ಹತ್ತಿ ತುಂಬಿ ಬಾಯಿ ಮುಚ್ಚಬೇಕು. ಹಿಸುಕಿದರೆ ಉಸ್ಸೆಂದು ಕುಗ್ಗುತ್ತದೆ, ಬಿಟ್ಟರೆ ಮೆಲ್ಲಗೆ ಉಬ್ಬುತ್ತದೆ. ಇಷ್ಟನ್ನೂ ಅಮೃತ ಟೀಚರಮ್ಮನ ಹಾಗೆ ವಿವರಿಸಿ, "ಹತ್ತಿ ಎಲ್ಲಿದೆ ತಾತ?" ಎಂದಳು.

ದೇವರ ಮನೆಯ ಮೂಲೆಯಲ್ಲಿ ಒಂದು ಬಟ್ಟೆ ಚೀಲವಿತ್ತು. ಮಂಗಳಮ್ಮ ಟೀವಿ ಮುಂದೆ ಕೂತು ಹೊಸೆದ ಬತ್ತಿ, ಸಾವಿರ ಸಾವಿರದ ಕಟ್ಟು. ಹೆಂಗಸರ ಕೈ ಸುಮ್ಮನಿರುವುದಿಲ್ಲ, ಹೊಸೆಯುತ್ತಾರೆ ಎಂದಷ್ಟೇ ಚಿಕ್ಕಣ್ಣ ತಿಳಿದಿದ್ದ. ಐದು ಕಟ್ಟು ತೆಗೆದರೆ ದೇವರೇನೂ ಕತ್ತಲಲ್ಲಿ ಕೂರುವುದಿಲ್ಲ ಎಂದು ಐದು ಕಟ್ಟು ತೆಗೆದ.

ಹನ್ನೊಂದು ಗಂಟೆಗೆ ಐದು ಬೊಂಬೆ ತಯಾರಾದವು. ಮದ್ದೂರು ವಡೆ, ಬೆಕ್ಕು, ಕಪ್ಪೆ, ಕಲ್ಲಂಗಡಿ. ಐದನೆಯದು ತಾತನ ಮುಖ: ಎರಡು ಕಣ್ಣು, ಮಿಕ್ಕಿದ್ದೆಲ್ಲ ಮೀಸೆ. ನಾಲ್ಕನ್ನು ಅಮೃತ ಬೀದಿಯಲ್ಲಿ ಹಂಚಿಬಿಟ್ಟಳು. ಮೀಸೆಯದನ್ನು ಮಾತ್ರ ಕೆನ್ನೆಗೊತ್ತಿಕೊಂಡು "ಇದು ನಂದು" ಎಂದಳು. ಚಿಕ್ಕಣ್ಣ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ಸುಮ್ಮನೆ ಕೆಮ್ಮಿದ.

ಅಷ್ಟರಲ್ಲಿ ಎದುರುಮನೆ ದೇವಿರಮ್ಮ ಬಂದಳು. ಊರಿನ ಸುದ್ದಿಯೆಲ್ಲ ಅವಳಿಗೆ ಗೊತ್ತು, ಅರ್ಧರ್ಧ.

"ಚಿಕ್ಕಣ್ಣ, ಸಂಜೀಕೆ ನಾನೂ ಬತ್ತೀನಿ ಕಣಪ್ಪ. ಲಕ್ಷ ಬತ್ತಿ ಅಚ್ಚೋದು ನೋಡುದ್ರೂ ಪುಣ್ಯ."

"ಯಾವ ಲಕ್ಷ ಬತ್ತಿ?"

"ಅಯ್ಯೋ, ನಿನ್ ಕಿವೀಗೆ ಆಕಿಲ್ವಾ? ಅಮೃತ ಏಳ್ ತಿಂಗ್ಳಿಗೇ ಉಟ್ಟಿ ಗಾಜಿನ್ ಪೆಟ್ಗೇಲಿ ಮಲ್ಗಿರ್ಲಿಲ್ವಾ? ಆಗ ನಿನ್ ಎಂಡ್ರು ಕಟ್ಕಂಡ ಅರಕೆ. ಈ ಮಗ ಉಳುದ್ರೆ ನನ್ ಕೈಯಾರೆ ಲಕ್ಷ ಬತ್ತಿ ಹೊಸೆದು ಅಚ್ಚುಸ್ತೀನಿ ಅಂತವ. ಒಂದ್ ಬತ್ತಿ ಕಮ್ಮಿ ಆದ್ರೂ ಸಲ್ಲಲ್ಲ ನೋಡು. ಆಮೇಲೆ ಮಗೀಗೆ..." ಎಂದವಳು, ಕೆಟ್ಟ ಮಾತು ಬಾಯಿಗೆ ಬಂತೆಂದು ಚಿಕ್ಕಣ್ಣನಿಂದ "ಬುಡ್ತು" ಅನ್ನಿಸಿ ಎದ್ದು ಹೋದಳು.

ಚಿಕ್ಕಣ್ಣ ಕೂತಲ್ಲೇ ಕೂತ. ಆ ಗಾಜಿನ ಪೆಟ್ಟಿಗೆ ಕಣ್ಣ ಮುಂದೆ ಬಂತು. ಅಂಗೈಯಷ್ಟಿದ್ದ ಮಗು. ಹತ್ತೊಂಬತ್ತು ದಿನ ಅವನು ಆಸ್ಪತ್ರೆಯ ಬಾಗಿಲ ಹೊರಗೇ ನಿಂತಿದ್ದ, ಒಳಗೆ ಹೋಗಿ ನೋಡುವ ಧೈರ್ಯ ಬಂದಿರಲಿಲ್ಲ. ಈಗ ಆ ಮಗುವಿನ ಹರಕೆಯಲ್ಲೇ ಐದು ಸಾವಿರ ಕಮ್ಮಿ ಮಾಡಿ ಕೂತಿದ್ದಾನೆ. ಟವೆಲ್ಲು ಕೊಡವಿ ಬೀದಿಗಿಳಿದ.

ಮೊದಲು ಸಿದ್ದರಾಜುವಿನ ಹೋಟೆಲು. ಅವನ ಮಗಳು ಶೋಭಿತಾ ಕಾಗದದ ವಡೆಯನ್ನು ಗಾಜಿನ ಬೀರುವಿನಲ್ಲಿ ನಿಜವಾದ ವಡೆಗಳ ನಡುವೆ ಇಟ್ಟಿದ್ದಳು. ಗಿರಾಕಿಯೊಬ್ಬ ಅದಕ್ಕೆ ಆಗಲೇ ಬಾಯಿ ಹಾಕಿದ್ದ.

"ಏನ್ಲಾ ಸಿದ್ರಾಜ, ವಡೆ ಇಷ್ಟ್ ಮೆತ್ಗೈತೆ? ಮದ್ದೂರ್ ವಡೆ ಅಂದ್ರೆ ಕಟುಂ ಅನ್ಬ್ಯಾಡ್ವಾ?"

ಸಿದ್ದರಾಜು ತಿರುಗಿ ನೋಡುವಷ್ಟರಲ್ಲಿ ಚಿಕ್ಕಣ್ಣ ಆ ವಡೆಯನ್ನು ಗಿರಾಕಿಯ ಬಾಯಿಂದಲೇ ಕಿತ್ತುಕೊಂಡು ನಡೆದ. ಶೋಭಿತಾಳ ಕಲ್ಲಂಗಡಿಯೂ ಅಲ್ಲೇ ಸಿಕ್ಕಿತು. ಅವಳು ಅತ್ತದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು.

ಬೆಕ್ಕು ದೇವಿರಮ್ಮನ ಮೊಮ್ಮಗನ ಹತ್ತಿರವಿತ್ತು. ಅವನು ಅದನ್ನು ಅವಚಿಕೊಂಡು ನಿದ್ದೆ ಹೋಗಿದ್ದ. ಚಿಕ್ಕಣ್ಣ ಉಸಿರು ಬಿಗಿಹಿಡಿದು ಬೆಕ್ಕನ್ನು ಎಳೆದ, ಆ ಜಾಗಕ್ಕೆ ತನ್ನ ಟವೆಲ್ಲು ಸುತ್ತಿ ಇಟ್ಟ. ಮಗು ಟವೆಲ್ಲನ್ನು ತಬ್ಬಿಕೊಂಡು, ವಾಸನೆಗೆ ಮೂಗು ಸಿಂಡರಿಸಿ, ಮತ್ತೆ ಮಲಗಿತು.

ಕಪ್ಪೆಯ ವಿಚಾರ ಕಷ್ಟವಾಯಿತು. ಅದು ಅಂಕಯ್ಯನ ಪಾಲಾಗಿತ್ತು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮುದುಕ, ಒಂಟಿ ಜೀವ. ಜಗುಲಿಯ ಮೇಲೆ ಕೂತು ಆ ಕೈಯಲ್ಲೇ ಕಪ್ಪೆಯನ್ನು ಹಿಸುಕುತ್ತಿದ್ದ.

"ಡಾಕುಟ್ರು ಏನಾರ ಮೆತ್ಗಿರದ ಇಸುಕು ಅಂದಿದ್ರು ಕಣ್ಲಾ ಚಿಕ್ಕ. ನೋಡು, ಕೈಬೆಟ್ಟು ಆಡ್ತಾವೆ. ನಿನ್ ಮೊಮ್ಮಗ್ಳು ಕೊಟ್ಳು. ನಂಗ್ ಇಲ್ಲೀಗಂಟ ಯಾರ್ ಏನ್ ಕೊಟ್ಟವ್ರೆ ಏಳು?"

ಚಿಕ್ಕಣ್ಣನಿಗೆ ಆ ಕೈಯಿಂದ ಕಪ್ಪೆ ಕಿತ್ತುಕೊಳ್ಳುವುದಕ್ಕಿಂತ ಕೆರೆಗೆ ಬೀಳುವುದೇ ವಾಸಿ ಅನ್ನಿಸಿತು. "ಸಂಜೀಕೆ ತಂದ್ಕೊಡ್ತೀನಿ ಕಣಣ್ಣ, ದೇವ್ರಾಣೆಗೂ" ಎಂದು ಹೇಳಿ, ಮುಖ ನೋಡದೆ ತೆಗೆದುಕೊಂಡು ಬಂದ.

ಕೊಟ್ಟಿಗೆಯಲ್ಲಿ ಕೂತು ಕುಡುಗೋಲಿನಲ್ಲಿ ನಾಲ್ಕೂ ಬೊಂಬೆಗಳ ಹೊಟ್ಟೆ ಕುಯ್ದು ಬತ್ತಿ ಆರಿಸುತ್ತಿದ್ದಾಗ ಬಾಗಿಲಲ್ಲಿ ಅಮೃತ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ.

"ಯಾಕೆ ತಾತ? ನಾನು ಚೆನ್ನಾಗಿ ಮಾಡಿರಲಿಲ್ವಾ?"

ಚಿಕ್ಕಣ್ಣ ಕುಡುಗೋಲನ್ನು ಬೆನ್ನ ಹಿಂದೆ ಸರಿಸಿದ. ನಿನ್ನ ಜೀವದ ಹರಕೆ ಕಣವ್ವ ಎಂದು ಎಂಟು ವರ್ಷದ ಮಗುವಿಗೆ ಹೇಗೆ ಹೇಳುವುದು? ಅವಳು ಅಳಲಿಲ್ಲ. ಮೀಸೆಯ ಬೊಂಬೆಯನ್ನು ಮುಂದೆ ಚಾಚಿದಳು.

"ಬೇಕಿದ್ರೆ ಇದನ್ನೂ ಕುಯ್ಕೋ."

"ಬ್ಯಾಡ ಬುಡವ್ವ. ಅದು ನಿಂದು" ಎಂದ ಚಿಕ್ಕಣ್ಣ. ಅವಳು ಹೋದ ಮೇಲೆ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡ.

ಮೀಸೆಯೊಳಗೆ ಸಾವಿರ ಬತ್ತಿ ಉಳಿಯಿತು. ಅಷ್ಟನ್ನು ತಾನೇ ಹೊಸೆದರಾಯಿತು ಎಂದು ತನ್ನ ದಿಂಬು ಬಿಚ್ಚಿದ. ನೇಗಿಲು ಹಿಡಿದ ಕೈಗೆ ಬತ್ತಿ ಬಗ್ಗಲಿಲ್ಲ. ಮೂರು ಗಂಟೆಯ ತನಕ ಬೆವರಿಳಿಸಿ ಹೊಸೆದದ್ದು ಮುನ್ನೂರು, ಒಂದೊಂದೂ ಬೀಡಿಯ ದಪ್ಪ.

ಅಷ್ಟರಲ್ಲಿ ಮಂಗಳಮ್ಮ ಬಂದೇಬಿಟ್ಟಳು, ಹಿಂದೆಯೇ ದೇವಿರಮ್ಮ. ಚಿಕ್ಕಣ್ಣ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಸಿದ್ಧನಾಗಿ ನಿಂತಿದ್ದ.

"ನಡೀ ಓಗಮ. ಒಂದ್ ಏಳ್ನೂರು ಕಮ್ಮಿ ಅವೆ ಕಣೆ. ತಪ್ಪು ನಂದು. ದೇವ್ರು ಏನಾರ ಮಾಡದಾದ್ರೆ ನಂಗ್ ಮಾಡ್ಲಿ, ಮಗೀನ್ ತಂಟೆಗ್ ಬ್ಯಾಡ ಅಂತ ಏಳ್ಕತೀನಿ."

"ಅದ್ನ್ಯಾಕ್ ಒತ್ಕಂಡು ನಿಂತಿದ್ದೀಯೆ?"

"ಲಕ್ಷ ಬತ್ತಿ ಕಣೆ!"

"ಲಕ್ಷ ಬತ್ತಿ ಮೊನ್ನೇನೆ ದೇವಸ್ಥಾನ ಸೇರವೆ. ತುಪ್ದಲ್ಲಿ ನೆನೀದೆ ಒಣಾ ಬತ್ತಿ ಉರೀತದಾ? ಬೆಳಿಗ್ಗಿಂದ ನಾನು ಜೋಡುಸ್ತಿದ್ದುದು ಆ ಬತ್ತೀನೇಯ."

ಚಿಕ್ಕಣ್ಣ ಚೀಲದ ಸಮೇತ ಕುಸಿದು ಕೂತ. ದೇವಿರಮ್ಮ ಮಾಡಿನ ಕಡೆ ನೋಡತೊಡಗಿದಳು.

"ಅಂಗಾರೆ ಇವು?"

ಮಂಗಳಮ್ಮನ ದನಿ ತಗ್ಗಿತು. "ಅವು ನಿನ್ ಎಸ್ರಿಂದು. ಓದೊರ್ಸ ಗೂರ್ಲು ಬಂದು ಉಸ್ರು ಕಟ್ಕಂಡು ಆಸ್ಪತ್ರೇಲಿ ನಾಕ್ ದಿನ ಮಲ್ಗಿದ್ದಲ್ಲ, ಆಗ ಇನ್ನೊಂದ್ ಲಕ್ಷ ಅಂತ ಅರಕೆ ಕಟ್ಕಂಡೆ. ಅರವತ್ ಸಾವ್ರ ಆಗಿತ್ತು."

ಚಿಕ್ಕಣ್ಣ ಹೆಂಡತಿಯನ್ನೇ ನೋಡಿದ. ಟೀವಿ ನೋಡುತ್ತಾ ಕೂತಿದ್ದಾಳೆ ಎಂದುಕೊಂಡಿದ್ದನಲ್ಲ, ಇಷ್ಟು ದಿನ.

ಹೆಚ್ಚು ಹೊತ್ತು ನೋಡಲು ಬೀದಿ ಬಿಡಲಿಲ್ಲ. ಅಂಗಳದಲ್ಲಿ ಅಂಕಯ್ಯ ಕೈ ಚಾಚಿ ನಿಂತಿದ್ದ. ಶೋಭಿತಾ ಇನ್ನೂ ಅಳುತ್ತಿದ್ದಳು. ದೇವಿರಮ್ಮನ ಮೊಮ್ಮಗ ಟವೆಲ್ಲನ್ನು ಎರಡೇ ಬೆರಳಲ್ಲಿ ಹಿಡಿದು ತಂದಿದ್ದ. ವಿಷಯ ತಿಳಿದ ಮಂಗಳಮ್ಮ ಚೀಲದಿಂದ ನಾಲ್ಕು ಕಟ್ಟು ತೆಗೆದು ಅಮೃತಳ ಕೈಗೆ ಹಾಕಿದಳು.

"ಏಯ್, ಅದು ನನ್ ಅರಕೆ ಕಣೆ!"

"ಮಕ್ಳ್ನ ಅಳುಸ್ಬುಟ್ಟು ಅಚ್ಚುದ್ರೆ ನಿನ್ ಗೂರ್ಲು ಓದದಾ? ತುಂಬವ್ವ ನೀನು. ಕಮ್ಮಿ ಬಿದ್ದದ್ನ ನಿನ್ ತಾತ್ನೇ ಹೊಸೀತನೆ." ಅವನ ಬತ್ತಿಯೊಂದನ್ನು ಎತ್ತಿ ನೋಡಿದಳು. "ಇವ್ನೂ ಬಿಚ್ಚಿ ಮತ್ತೆ ಹೊಸಿ."

ಆ ಸಂಜೆ ವೈದ್ಯನಾಥಪುರದಲ್ಲಿ ಲಕ್ಷ ಬತ್ತಿ ಧಗಧಗ ಉರಿಯಿತು. ಮಂಗಳಮ್ಮ ಕೈಮುಗಿದು ಅಳುತ್ತಾ ನಿಂತಿದ್ದಳು. ಚಿಕ್ಕಣ್ಣನೂ ಕೈಮುಗಿದ, ಆಮೇಲೆ ಹೊತ್ತು ತಂದ ಚೀಲವನ್ನು ಪಕ್ಕಕ್ಕಿಟ್ಟು, ಕಂಬಕ್ಕೊರಗಿ ಕೂತು ದಿಂಬಿನ ಹತ್ತಿ ಹೊಸೆಯತೊಡಗಿದ. ಅಮೃತ ಬಂದು ಅವನ ತೊಡೆಯ ಮೇಲೆಯೇ ಕೂತಳು. ಬೊಂಬೆಯ ಮೀಸೆ ಹಿಸುಕಿ ಬಿಟ್ಟಳು.

"ನೋಡು ತಾತ, ಎಷ್ಟು ಹಿಸುಕಿದ್ರೂ ನೀನು ಮತ್ತೆ ಉಬ್ತೀಯ."

"ಉಬ್ಬಿ ಏನ್ ಮಾಡ್ಲಿ ಕಣವ್ವ? ಇನ್ನೂ ನಲವತ್ತೈದ್ ಸಾವ್ರ ಅವೆ."

ಅವಳು ಅವನ ಕಿವಿಯ ಹತ್ತಿರ ಬಾಯಿ ತಂದಳು.

"ತಾತ, ನನ್ ಕ್ಲಾಸಲ್ಲಿ ಮೂವತ್ತೆರಡು ಜನ ಇದಾರೆ. ಎಲ್ರಿಗೂ ಒಂದೊಂದು ಸ್ಕ್ವಿಶಿ ಮಾಡೋಣ್ವಾ?"

ಚಿಕ್ಕಣ್ಣ ಚೀಲದ ಕಡೆ ನೋಡಿದ. ಹೆಂಡತಿ ಈ ಕಡೆ ನೋಡುತ್ತಿದ್ದಾಳೆಯೇ ಎಂದೂ ನೋಡಿದ.

"ಅದ್ಕೇನಂತೆ, ಮಾಡಮ ಬುಡು" ಎಂದ.